ಸಂಗಿಗೊಂದು ಮಾತ್ರೆ

ನನ್ನ ಬಲಭುಜ ಎಡಭುಜಕ್ಕಿಂತ ಒಂದು ಬೆರಳಿನಷ್ಟು ಕೆಳಗಿದೆ. ರವಿಕೆಯ ಅಳತೆ ತೆಗೆಯುವಾಗಲೆಲ್ಲ ದರ್ಜಿ ಅದನ್ನು ಹೇಳುತ್ತಾನೆ, ನನಗೆ ಗೊತ್ತೇ ಇಲ್ಲವೇನೋ ಎಂಬಂತೆ. ಏಳು ವರ್ಷ ಒಬ್ಬ ದೊಡ್ಡ ಆಳಿನ ಹೆಂಗಸನ್ನು ಆ ಭುಜಕ್ಕೆ ಆನಿಸಿಕೊಂಡು ಎತ್ತಿದ್ದೇನೆ, ಇಳಿಸಿದ್ದೇನೆ, ಬಚ್ಚಲಿಗೆ ನಡೆಸಿದ್ದೇನೆ. ಭುಜ ಇಳಿಯದೆ ಇನ್ನೇನಾಗುತ್ತದೆ? ಆಗ ನೋಡಿದವರೆಲ್ಲ ನನ್ನನ್ನು ಹೊಗಳಿದರು. ಆ ಹೊಗಳಿಕೆಗೆ ನಾನು ತಕ್ಕವಳಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳಲು ಕೂತಿದ್ದೇನೆ, ಆದರೆ ಕೇಳಬೇಕಾಗಿದ್ದವರು ಯಾರೂ ಉಳಿದಿಲ್ಲ.

ಆ ಹೆಂಗಸು ನನ್ನ ಅತ್ತೆ. ಎರಡು ಕಡೆಯಿಂದಲೂ ಅತ್ತೆ: ನನ್ನ ಅಪ್ಪನ ಅಕ್ಕ, ನನ್ನ ಗಂಡನ ತಾಯಿ. ನಮ್ಮ ಕಡೆ ಅಂಥ ಮದುವೆ ಸಾಮಾನ್ಯ. ಹುಟ್ಟಿದಾಗಿನಿಂದ 'ನೀನು' ಎಂದು ಕರೆದವಳನ್ನು ಮದುವೆಯಾದ ಮೇಲೆ 'ನೀವು' ಎನ್ನಲು ನಾಲಿಗೆ ಹೊರಳಲಿಲ್ಲ, ಅವಳೂ ಕೇಳಲಿಲ್ಲ. ಬಂಗಾರಪೇಟೆಯ ಹತ್ತಿರದ ನಮ್ಮ ಹಳ್ಳಿಯಿಂದ ಅವಳು ಚಿಕ್ಕ ವಯಸ್ಸಿನಲ್ಲೇ ಗಂಡನ ಹಿಂದೆ ಕೋಲಾರದ ಚಿನ್ನದ ಗಣಿಗೆ ಬಂದಿದ್ದಳು. ಗಂಡ ಬೇಗ ಹೋದ. ಗಾರೆ ಕೆಲಸದವರ ಜೊತೆ ಕಲ್ಲು, ಸುಣ್ಣ, ಮರಳು ಹೊತ್ತು ಒಬ್ಬನೇ ಮಗನನ್ನು ಸಾಕಿದಳು. ಆ ಮಗ ದೊಡ್ಡವನಾಗಿ ನಂದಿದುರ್ಗ ಗಣಿಯಲ್ಲಿ ನೆಲದ ಕೆಳಗೆ ಮರದ ಆಸರೆ ಕಟ್ಟುವ ಕೆಲಸಕ್ಕೆ ಸೇರಿದ. ನಾನು ಸೊಸೆಯಾಗಿ ಬಂದಾಗ ಗಣಿಗಳು ಸರ್ಕಾರದ ಕೈಗೆ ಬಂದ ಹೊಸತು. ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ನಮ್ಮದು ತಗಡಿನ ಸೂರಿನ ಒಂದು ಕೋಣೆ, ಒಂದು ಅಡುಗೆಮನೆ. ನಲ್ಲಿ ಬೀದಿಯ ತುದಿಯಲ್ಲಿ, ಕಕ್ಕಸು ಅದಕ್ಕೂ ಆಚೆ.

ನಾನು ಬಂಗಾರಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಅಪ್ಪ ಹಟ ಹಿಡಿದು ಓದಿಸಿದ್ದ, ಟ್ರೈನಿಂಗಿಗೂ ಕಳಿಸಿದ್ದ. ಮದುವೆಯಾದ ಮೇಲೂ ಕೆಲಸ ಬಿಡಬೇಡ ಎಂದವಳು ಅತ್ತೆಯೇ. ಲೈನಿನ ಹೆಂಗಸರ ಎದುರು ನಮ್ಮ ಸೊಸೆ ಟೀಚರಮ್ಮ ಎಂದು ಹೇಳಿಕೊಳ್ಳುವುದು ಅವಳಿಗೆ ಇಷ್ಟ. ಬೆಳಿಗ್ಗೆ ಎದ್ದು ಮುದ್ದೆ ತೊಳಸಿ, ಸಾರು ಇಳಿಸಿ, ಊರಿಗಾಂ ಸ್ಟೇಷನ್ನಿಗೆ ಓಡಿ ರೈಲು ಹಿಡಿಯಬೇಕು. ಸಂಜೆ ಅದೇ ರೈಲಿನಲ್ಲಿ ವಾಪಸು. ಬಂದು ಮತ್ತೆ ಒಲೆ. ಇಪ್ಪತ್ತಮೂರರ ವಯಸ್ಸಿಗೇ ನನಗೆ ಕೂತಲ್ಲಿ ಕಣ್ಣು ಮುಚ್ಚಿಹೋಗುತ್ತಿತ್ತು.

ಅತ್ತೆಗೆ ಮಂಡಿನೋವು. ಹೊತ್ತ ಕಲ್ಲೆಲ್ಲ ಮಂಡಿಯಲ್ಲೇ ಉಳಿದಿದೆ ಎನ್ನುತ್ತಿದ್ದಳು. ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಲಕ್ಕಿಸೊಪ್ಪು ಹಾಕಿ ಕುದಿಸಿದ ನೀರು, ಎಕ್ಕದ ಎಲೆಯ ಕಾವು, ಹರಳೆಣ್ಣೆ ಎಲ್ಲ ಆಯಿತು. ಊತ ಹಾಗೇ ಇತ್ತು. ಕಕ್ಕಸಿಗೆ ಹೋಗಿಬರುವುದಂತೂ ಅವಳಿಗೆ ದಿನದ ದೊಡ್ಡ ಶಿಕ್ಷೆ. ಕುಕ್ಕರಗಾಲಲ್ಲಿ ಕೂರಲಾಗದೆ ಗೋಡೆ ಹಿಡಿದು ಅಳುತ್ತಿದ್ದಳು. ಆ ಅಳು ಹೊರಗೆ ಕೇಳದ ಹಾಗೆ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು ಎಂದು ಪಕ್ಕದ ಮನೆಯ ತಮಿಳಿನ ಹೆಂಗಸು ನನಗೆ ಹೇಳಿದಳು. ಹೇಳಿದ್ದು ಬೈಗುಳದ ಹಾಗೆ ಕೇಳಿಸಿತು, ಬಹುಶಃ ಬೈದದ್ದೇ ಇರಬೇಕು.

ಡಾಕ್ಟರ ದಾರಿ ತೋರಿಸಿದವಳೂ ಆ ಪಕ್ಕದ ಮನೆಯವಳೇ. ಅವಳ ಮೊಣಕೈ ನೋವಿಗೆ ಆಂಡರ್ಸನ್‌ಪೇಟೆಯ ಒಬ್ಬ ಡಾಕ್ಟರು ಹೊಸದಾಗಿ ಬಂದ ಮಾತ್ರೆಯೊಂದನ್ನು ಕೊಟ್ಟಿದ್ದರು, ಕೈ ಮಡಚುವಂತಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಜಟಕಾ ಮಾಡಿ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು, ಮಂಡಿಯನ್ನು ಮುಟ್ಟಿ, ಮಡಿಸಿ ನೋಡಿದರು. ಊತ ಇಳಿಸುವ ಮಾತ್ರೆ, ದಿನಕ್ಕೆ ಮೂರು, ಊಟವಾದ ಮೇಲೆಯೇ ತೆಗೆದುಕೊಳ್ಳಬೇಕು, ಹತ್ತು ದಿನ ಆದ ಮೇಲೆ ಬಂದು ತೋರಿಸಬೇಕು, ತಾವಾಗಿ ಮುಂದುವರಿಸಬಾರದು ಎಂದು ನನಗೆ ಒತ್ತಿ ಹೇಳಿದರು. ಓದಿದವಳು ಎಂದು ನನಗೇ ಹೇಳಿದರು. ನಾನು ತಲೆ ಅಲ್ಲಾಡಿಸಿದೆ.

ಸೋಮವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅತ್ತೆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಯಾವಾಗ ತಿನ್ನಬೇಕು ಎಂದು ಕೇಳಿದಳು. ಮೂರು ಹೊತ್ತು ಊಟದ ಮೇಲೆ ಎಂದೆ. ಅವಳು ಉಣ್ಣುತ್ತಿದ್ದದ್ದು ಎರಡು ಹೊತ್ತು, ಅದಕ್ಕೂ ಇಂಥ ಸಮಯ ಎಂದಿರಲಿಲ್ಲ. ಮನೆಯಲ್ಲಿ ಗಡಿಯಾರ ಇರಲಿಲ್ಲ, ಇದ್ದರೂ ಅವಳಿಗೆ ನೋಡಲು ಬರುತ್ತಿರಲಿಲ್ಲ. ಮೂರು ಊಟ ಎಲ್ಲಿಂದ ತರಲಿ ಎಂದು ಮತ್ತೆ ಕೇಳಿದಳು. ನನಗೆ ರೈಲಿನ ಅವಸರ.

"ಸಂಗು ಊದಿದಾಗ ಒಂದೊಂದು ಆಕ್ಕೊ ಅತ್ತೆ," ಎಂದೆ. "ಅಷ್ಟು ನೆಪ್ಪಿಟ್ಕೊಂಡ್ರೆ ಸಾಕು."

ಸಂಗು ಎಂದರೆ ಗಣಿಯ ಸೈರನ್. ತಮಿಳಿನವರು ಕರೆದ ಹೆಸರು, ನಮ್ಮೆಲ್ಲರ ಬಾಯಲ್ಲೂ ಅದೇ. ಲೈನಿನ ಜನ ಏಳುವುದು, ಉಣ್ಣುವುದು, ನೀರು ಹಿಡಿಯುವುದು, ಗಂಡನ ದಾರಿ ಕಾಯುವುದು ಎಲ್ಲ ಅದರ ಮೇಲೆಯೇ. ದಿನಕ್ಕೆ ಮೂರು ಪಾಳಿ, ಮೂರು ಸಂಗು, ಮೂರು ಮಾತ್ರೆ. ಇದು ನನ್ನ ಲೆಕ್ಕ. ಮೇಷ್ಟರ ಲೆಕ್ಕ, ಚೊಕ್ಕವಾಗಿತ್ತು. ಆದರೆ ಪ್ರತಿ ಪಾಳಿಗೂ ಸಂಗು ಎರಡು ಸಲ ಊದುತ್ತಿತ್ತು: ಅರ್ಧ ಗಂಟೆ ಮುಂಚೆ ಎಚ್ಚರಿಸಲು ಒಂದು, ಪಾಳಿ ಶುರುವಾಗುವಾಗ ಇನ್ನೊಂದು. ಮೊದಲನೆಯದನ್ನು ನಾನು ಎಣಿಸಲೇ ಇಲ್ಲ, ಅದು ಕೆಲಸಕ್ಕೆ ಹೊರಡುವ ಗಂಡಸರಿಗೆ ಸೇರಿದ್ದು ಎಂದು ನನ್ನ ತಲೆಯಲ್ಲಿತ್ತು. ಅತ್ತೆಯ ಕಿವಿ ಎರಡನ್ನೂ ಎಣಿಸಿತು. ದಿನಕ್ಕೆ ಆರು.

ವಾರ ಕಳೆಯುವಷ್ಟರಲ್ಲಿ ಅತ್ತೆ ನಡೆದಳು. ಹಾಗೆಂದರೆ ಸಾಲದು. ನಲ್ಲಿಗೆ ಹೋಗಿ ಕೊಡ ತುಂಬಿ ಸೊಂಟಕ್ಕೆ ಇಟ್ಟುಕೊಂಡು ಬಂದಳು. ಒರಳಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಖಾರ ಅರೆದಳು. ಒಂದು ಸಂಜೆ ರೈಲಿನಿಂದ ಇಳಿದರೆ ಊರಿಗಾಂ ಸ್ಟೇಷನ್ನಿನ ಬೇಲಿಯ ಹತ್ತಿರ ನಿಂತಿದ್ದಾಳೆ, ನನಗಾಗಿ ಕಾಯುತ್ತ. ಅಷ್ಟು ದೂರ ಯಾಕೆ ನಡೆದು ಬಂದೆ ಎಂದು ಗದರಿದೆ. ಸುಮ್ಮನೆ ಬಂದೆ, ಎಷ್ಟು ವರ್ಷ ಆಗಿತ್ತು ಸುಮ್ಮನೆ ಎಲ್ಲಿಗಾದರೂ ಹೋಗಿ ಎಂದಳು. ಇಬ್ಬರೂ ಜೊತೆಯಲ್ಲಿ ಮನೆಗೆ ನಡೆದೆವು. ದಾರಿಯುದ್ದಕ್ಕೂ ಕಂಡವರನ್ನೆಲ್ಲ ನಿಲ್ಲಿಸಿ ಅವಳು ಮಾತಾಡಿಸಿದಳು, ತಮಿಳಿನವರ ಜೊತೆ ತಮಿಳು, ತೆಲುಗಿನವರ ಜೊತೆ ತೆಲುಗು. ನಾನು ಅಷ್ಟು ಸಂತೋಷಪಟ್ಟ ಸಂಜೆಗಳು ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಸಂತೋಷಕ್ಕೆ ನನ್ನ ಸ್ವಾರ್ಥವೂ ಸೇರಿತ್ತು. ಮನೆಗೆ ಬಂದರೆ ಅಡುಗೆ ಆಗಿರುತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ ಯಾರೋ ಬಡಿಸಿದ ಬಿಸಿ ಊಟ ಉಂಡೆ. ಆ ಬಿಸಿ ಮುದ್ದೆಯ ಎದುರು ಕೂತು ಮಾತ್ರೆಯ ವಿಚಾರ ಕೇಳುವವರು ಯಾರು? ಹತ್ತು ದಿನದ ಪೊಟ್ಟಣ ಐದು ದಿನಕ್ಕೆ ಮುಗಿದಾಗ ಅವಳು ಮಗನಿಗೆ ಹೇಳಿದಳಂತೆ. ಅವನು ಪಾಳಿ ಮುಗಿಸಿ ಬರುತ್ತ ಅದೇ ಚೀಟಿ ತೋರಿಸಿ ಅಂಗಡಿಯಿಂದ ಒಂದು ದೊಡ್ಡ ಸೀಸೆಯನ್ನೇ ತಂದುಕೊಟ್ಟ. ಆಗೆಲ್ಲ ಕೇಳಿದರೆ ಕೊಡುತ್ತಿದ್ದರು. ಮಾತ್ರೆಗಳು ಅವಳ ಎಲೆಯಡಿಕೆ ಚೀಲ ಸೇರಿದವು. ಡಾಕ್ಟರಿಗೆ ತೋರಿಸಬೇಕು ಎಂಬುದು ನನಗೆ ನೆನಪಿತ್ತು. ಚೆನ್ನಾಗಿ ಓಡಾಡುವವಳನ್ನು ಏನೆಂದು ತೋರಿಸುವುದು ಎಂದು ಮುಂದೂಡಿದೆ.

ದಸರೆಯಿಂದ ಸಂಕ್ರಾಂತಿಯವರೆಗೆ ಹೀಗೇ ನಡೆಯಿತು. ಸಂಕ್ರಾಂತಿಯ ಹೊತ್ತಿಗೆ ಅತ್ತೆಗೆ ಊಟ ಸೇರದಾಯಿತು. ಒಗ್ಗರಣೆಯ ವಾಸನೆಗೇ ಓಕರಿಸುತ್ತಿದ್ದಳು. ಮೈ ತುರಿಕೆ ಎಂದು ಕೆರೆದುಕೊಳ್ಳುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದದ್ದು ಬೆಳಗಿನ ಕತ್ತಲಲ್ಲಿ, ಇಲ್ಲವೇ ಸಂಜೆಯ ಬುಡ್ಡಿ ದೀಪದಲ್ಲಿ. ಕಣ್ಣು ಹಳದಿಯಾದದ್ದನ್ನು ಹಗಲಲ್ಲಿ ನೋಡಿದವಳು ಮತ್ತೆ ಆ ಪಕ್ಕದ ಮನೆಯವಳೇ. ಮಂಜಕಾಮಾಲೆ ಎಂದು ಬಾಗಿಲಲ್ಲಿ ನಿಂತು ಹೇಳಿದಳು. ಭಾನುವಾರ ಬೆಳಕಿನಲ್ಲಿ ಕೂರಿಸಿ ರೆಪ್ಪೆ ಎಳೆದು ನೋಡಿದೆ. ಅರಿಶಿನ ಬಳಿದಂತಿತ್ತು.

ಕಾಮಾಲೆಗೆ ನಮ್ಮವರು ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಅದು ಸೊಪ್ಪಿಗೆ ಬಗ್ಗುವ ಕಾಯಿಲೆ ಎಂದೇ ಎಲ್ಲರ ನಂಬಿಕೆ, ನನ್ನದೂ. ನನ್ನ ತವರಿನ ಪಕ್ಕದ ಹಳ್ಳಿಯಲ್ಲಿ ಒಬ್ಬ ರೈತ, ವಯಸ್ಸಾದವನು, ನೆಲನೆಲ್ಲಿ ಸೊಪ್ಪು ಅರೆದು ಆಡಿನ ಹಾಲಿನಲ್ಲಿ ಕದಡಿ ಕೊಡುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ. ಭಾನುವಾರ ಹೊತ್ತು ಹುಟ್ಟುವ ಮುಂಚೆ ಬರಿಹೊಟ್ಟೆಯಲ್ಲಿ ಕುಡಿಯಬೇಕು, ಮೂರು ಭಾನುವಾರ. ಉಪ್ಪು ಬಿಡಬೇಕು, ಎಣ್ಣೆ ಬಿಡಬೇಕು, ಬೇರೆ ಔಷಧಿ ಏನಿದ್ದರೂ ಬಿಡಬೇಕು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆ, ನನ್ನ ಗಂಡ ಅತ್ತೆಯನ್ನು ಸಂಜೆಯ ರೈಲಿಗೆ ಹತ್ತಿಸಿ ಕಳಿಸುತ್ತಿದ್ದ. ರಾತ್ರಿ ತವರಿನಲ್ಲಿ ಉಳಿದು ಬೆಳಿಗ್ಗೆ ಸೊಪ್ಪು ಕುಡಿಸಿ ವಾಪಸು.

ಮೂರನೆಯ ಭಾನುವಾರ ಆ ರೈತ ಬಟ್ಟಲನ್ನು ಕೈಗೆ ಕೊಡಲಿಲ್ಲ. ಅವಳ ಕಣ್ಣು ನೋಡಿದ, ಅಂಗೈ ನೋಡಿದ, ಪಕ್ಕೆಯ ಕೆಳಗೆ ಎರಡು ಬೆರಳು ಒತ್ತಿದ. ಅವಳು ನರಳಿದಳು. ಪಥ್ಯ ಸರಿಯಾಗಿ ಮಾಡಿದ್ದೀಯಾ ಎಂದು ಕೇಳಿದ. ಉಪ್ಪಿಲ್ಲದ ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ ಎಂದಳು. ಇದು ನನ್ನ ಸೊಪ್ಪಿಗೆ ಇಳಿಯುವ ಕಾಮಾಲೆ ಅಲ್ಲ, ಇಳಿಯುವುದಾಗಿದ್ದರೆ ಎರಡನೇ ವಾರಕ್ಕೇ ಇಳಿಯುತ್ತಿತ್ತು, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಮ್ಮ ಎಂದು ನನಗೆ ಹೇಳಿದ. ತನ್ನ ಕೈಯಲ್ಲಿ ಆಗದು ಎಂದು ಅಷ್ಟು ಸಲೀಸಾಗಿ ಒಪ್ಪಿಕೊಂಡ ವೈದ್ಯರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಮಧ್ಯಾಹ್ನ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ರೈಲಿಗೆ ಕಾಯುತ್ತಿದ್ದೆವು. ಅತ್ತೆಯ ಮುಖ ಆ ಬಿಸಿಲಿನಲ್ಲಿ ನೋಡಲಾಗುತ್ತಿರಲಿಲ್ಲ. ನನಗೆ ಭಯ, ಆಯಾಸ, ಸೋಮವಾರ ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಾರೆ ಎಂಬ ಯೋಚನೆ ಬೇರೆ. ಅವಳು ಎಲೆಯಡಿಕೆ ಚೀಲ ಬಿಚ್ಚಿದಳು. ಎಲೆ ತೆಗೆಯುತ್ತಾಳೆ ಎಂದುಕೊಂಡೆ. ಅಂಗೈ ಮೇಲೆ ಮಾತ್ರೆಗಳನ್ನು ಸುರಿದುಕೊಂಡಳು. ನಾಲ್ಕು. ಒಂದನ್ನು ಬಾಯಿಗೆ ಎಸೆದುಕೊಂಡಳು, ಇನ್ನೊಂದನ್ನು ಎತ್ತಿದಳು.

ಮಂಡಿಯ ಮಾತ್ರೆ ಅವಳು ತಿನ್ನುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಬೇರೆ ಔಷಧಿ ಬಿಡಬೇಕು ಎಂದಾಗಲೂ ಅದು ನನ್ನ ಮನಸ್ಸಿಗೆ ಬಂದಿರಲಿಲ್ಲ. ಮಂಡಿ ಎಲ್ಲಿ, ಕಾಮಾಲೆ ಎಲ್ಲಿ? ಆದರೆ ನಾಲ್ಕು ಯಾಕೆ ಎಂದು ಕೇಳಿದೆ.

"ನಿನ್ನೆ ಸಂಜೆ ಲೈನು ಬಿಟ್ಟು ಬಂದ್ನಲ್ಲ, ನಾಕು ಸಂಗು ತಪ್ಪೋಗವೆ," ಎಂದಳು.

ನಾನು ಎಣಿಸಿದೆ. ರಾತ್ರಿ ಪಾಳಿಯದು ಒಂದು, ಬೆಳಗಿನದು ಒಂದು. ಎರಡೇ ಆಗಬೇಕು. ದಿನಕ್ಕೆ ಎಷ್ಟು ಸಂಗು ಅತ್ತೆ ಎಂದು ಕೇಳಿದೆ, ಶಾಲೆಯ ಮಗುವನ್ನು ಕೇಳುವ ಹಾಗೆ ನಿಧಾನವಾಗಿ. ಆರು ಎಂದಳು. ನಾಲ್ಕು ತಿಂಗಳಿಂದ ದಿನಕ್ಕೆ ಆರು. ನನ್ನ ಕೈ ಅವಳ ಕೈಗೆ ಹೇಗೆ ಬಡಿಯಿತೋ ಗೊತ್ತಿಲ್ಲ, ಉಳಿದ ಮೂರು ಮಾತ್ರೆ ಪ್ಲಾಟ್‌ಫಾರಮ್ಮಿನ ಮೇಲೆ ಉರುಳಿದವು. ಅವಳು ಬಗ್ಗಿ, ಆ ಸ್ಥಿತಿಯಲ್ಲೂ ಬಗ್ಗಿ, ಒಂದನ್ನು ಹೆಕ್ಕಿ ಧೂಳು ಊದಿದಳು. ಅದನ್ನೂ ಕಿತ್ತುಕೊಂಡೆ. ಚೀಲವನ್ನೂ ಕಿತ್ತುಕೊಂಡೆ. ಯಾಕೆ ಎಂದು ಅವಳು ಕೇಳಲಿಲ್ಲ. ಬಂಗಾರಪೇಟೆಯಿಂದ ಊರಿಗಾಂವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಮಾತ್ರೆಗೂ ಕಾಮಾಲೆಗೂ ಸಂಬಂಧ ಇದೆಯೋ ಇಲ್ಲವೋ ನನಗೆ ಇನ್ನೂ ಯಾರೂ ಹೇಳಿರಲಿಲ್ಲ. ಆದರೂ ಗೊತ್ತಾಗಿಹೋಗಿತ್ತು. ಮೂರನ್ನು ಆರು ಮಾಡಿದ ವಾಕ್ಯ ನನ್ನ ಬಾಯಿಂದ ಬಂದದ್ದು.

ಮಾರನೆಯ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ದೊಡ್ಡ ಡಾಕ್ಟರು ಚೀಲದಲ್ಲಿದ್ದ ಮಾತ್ರೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಎಷ್ಟು ದಿನದಿಂದ ಎಂದರು, ದಿನಕ್ಕೆ ಎಷ್ಟು ಎಂದರು. ಅತ್ತೆಯೇ ಉತ್ತರ ಹೇಳಿದಳು. ಆರು ಎಂದಾಗ ಅವರ ಹುಬ್ಬು ಮೇಲೆ ಹೋಯಿತು. ಯಾರು ಹೇಳಿದರು ಆರು ತಿನ್ನಲು ಎಂದು ಕೇಳಿದರು. ಮಂಚದ ಒಂದು ಪಕ್ಕ ನನ್ನ ಗಂಡ ನಿಂತಿದ್ದ, ಕಾಲ ಬಳಿ ನಾನು. ಹೇಳಬೇಕಾದ ಗಳಿಗೆ ಅದು.

ಅತ್ತೆ ನನ್ನ ಕಡೆ ಒಂದು ಸಲ ನೋಡಿದಳು. "ಯಾರೂ ಏಳ್ಲಿಲ್ಲ ಸ್ವಾಮಿ. ನಾನೇ ತಿಂದೆ," ಎಂದಳು.

ನನ್ನ ಗಂಡ ಅವಳ ಮೇಲೆ ರೇಗಿದ. ಪುರಿ ತಿಂದ ಹಾಗೆ ತಿಂದಿದ್ದೀಯಲ್ಲ, ಬುದ್ಧಿ ಬೇಡವಾ ಎಂದು ವಾರ್ಡಿನ ಎಲ್ಲರ ಎದುರು ಅಂದ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಕಾಲ ಬಳಿಯೇ ನಿಂತಿದ್ದೆ, ಅವಳ ಹೊದಿಕೆ ಸರಿಮಾಡುತ್ತ. ಹೊದಿಕೆ ಸರಿಯಾಗಿಯೇ ಇತ್ತು.

ಈ ಜಾತಿಯ ನೋವಿನ ಮಾತ್ರೆಗಳು ಕೆಲವರ ಲಿವರನ್ನು ಕೆಡಿಸುತ್ತವೆ ಎಂದು ಡಾಕ್ಟರು ವಿವರಿಸಿದರು. ಒಬ್ಬರು ವರ್ಷಗಟ್ಟಲೆ ತಿಂದರೂ ಏನೂ ಆಗುವುದಿಲ್ಲ, ಇನ್ನೊಬ್ಬರಿಗೆ ಸರಿಯಾದ ಅಳತೆಯಲ್ಲಿ ಕೊಟ್ಟರೂ ಆಗಿಬಿಡುತ್ತದೆ. ಅಳತೆ ಮೀರಿದರೆ ಕೇಳಬೇಕೇ? ಇದಕ್ಕೆ ಎದುರು ಔಷಧಿ ಇಲ್ಲ, ಮಾತ್ರೆ ನಿಲ್ಲಿಸಿ ಕಾಯಬೇಕು, ಲಿವರು ತಾನಾಗಿ ಚೇತರಿಸಿಕೊಂಡರೆ ಉಂಟು ಎಂದರು. ನಾನು ಮಕ್ಕಳಿಗೆ ಶರೀರದ ಪಾಠದಲ್ಲಿ ಯಕೃತ್ತು ಎಂದು ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಅದು ಕೆಡುತ್ತದೆ ಎಂದು ಪಾಠದಲ್ಲಿ ಇರಲಿಲ್ಲ.

ಮೂರು ವಾರ ಅವಳು ಆಸ್ಪತ್ರೆಯಲ್ಲಿದ್ದಳು. ಅದರಲ್ಲಿ ಎರಡು ದಿನ ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ಮಲಗಿದ್ದಳು. ಕರೆದರೆ ಓ ಎನ್ನಲಿಲ್ಲ. ಬೇರೆ ಯಾರದೋ ಹೆಸರು ಹಿಡಿದು ನನ್ನನ್ನು ಕರೆದಳು. ಅವಳು ಸತ್ತರೆ ಕೊಂದವಳು ನಾನು, ಗೊತ್ತಿರುವುದು ನನಗೆ ಮತ್ತು ಅವಳಿಗೆ, ಅವಳ ಜೊತೆ ಅದೂ ಹೋಗುತ್ತದೆ. ಆ ಎರಡು ದಿನದಲ್ಲಿ ಒಂದು ಕ್ಷಣ, ಹೋಗಲಿ ಎಂದೂ ನನಗೆ ಅನ್ನಿಸಿತು. ಅದನ್ನೂ ಇಲ್ಲಿ ಬರೆದಿಡುತ್ತೇನೆ. ಮರುಕ್ಷಣ ಆಸ್ಪತ್ರೆಯ ಹಿಂದೆ ನೀರಿನ ತೊಟ್ಟಿಯ ಬಳಿಗೆ ಎದ್ದು ಹೋದೆ. ಇವಳು ಬದುಕಲಿ, ಬದುಕಿದರೆ ಇವಳನ್ನು ನಾನೇ ನೋಡಿಕೊಳ್ಳುತ್ತೇನೆ, ಇನ್ನೊಬ್ಬರ ಕೈಗೆ ಬಿಡುವುದಿಲ್ಲ ಎಂದು ಅಲ್ಲೇ ನಿಂತು ಹೇಳಿಕೊಂಡೆ.

ಅವಳು ಬದುಕಿದಳು. ಉಚ್ಚೆಯ ಬಣ್ಣ ತಿಳಿಯಾಯಿತು, ಕಣ್ಣು ಬೆಳ್ಳಗಾಯಿತು. ಇನ್ನು ಜೀವಮಾನದಲ್ಲಿ ಕೀಲುನೋವಿನ ಮಾತ್ರೆ ಮುಟ್ಟಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಬೇಸಿಗೆ ಬರುವಷ್ಟರಲ್ಲಿ ಮಂಡಿ ಮೊದಲಿಗಿಂತ ಹೆಚ್ಚು ಬಿಗಿಯಿತು. ಮಡಿಸಿದ ಕಾಲು ಮಡಿಸಿದಂತೆಯೇ ನಿಂತುಬಿಟ್ಟಿತು. ನಾನು ರಜೆ ಹಾಕಿದೆ. ರಜೆ ಮುಗಿದ ಮೇಲೆ ರಾಜೀನಾಮೆ ಬರೆದೆ. ನನ್ನ ಗಂಡನೇ ಬೇಡ ಎಂದ. ಊರಿಂದ ಯಾರನ್ನಾದರೂ ಕರೆಸೋಣ, ದೂರದ ನೆಂಟರಲ್ಲಿ ಒಬ್ಬ ವಿಧವೆ ಇದ್ದಾಳೆ, ಅವಳಿಗೂ ಊಟಕ್ಕೆ ದಾರಿಯಾಗುತ್ತದೆ ಎಂದ. ನಾನು ಒಪ್ಪಲಿಲ್ಲ. ಕಾರಣ ಕೇಳಿದ. ನನ್ನ ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಅಂಥ ಹೆಂಡತಿ ಸಿಕ್ಕಿದ್ದಕ್ಕೆ ಅವನ ಕಣ್ಣು ತುಂಬಿತು. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು.

ಆಮೇಲಿನದನ್ನು ಬರೆಯಲು ಹೆಚ್ಚೇನೂ ಇಲ್ಲ, ಏಕೆಂದರೆ ಎಲ್ಲ ದಿನವೂ ಒಂದೇ ದಿನ. ಎತ್ತು, ಕೂರಿಸು, ತೊಳೆ, ಒರೆಸು, ಉಣಿಸು, ಮಲಗಿಸು. ನಡುವೆ ಒಬ್ಬಳು ಮಗಳು ಹುಟ್ಟಿದಳು, ಅವಳನ್ನು ಒಂದು ಕಡೆ, ಇವಳನ್ನು ಒಂದು ಕಡೆ ಹೊತ್ತೆ. ಮಗಳು ನಡೆಯಲು ಕಲಿತು ಕೆಳಗಿಳಿದಳು, ಇವಳು ಇಳಿಯಲಿಲ್ಲ. ಅತ್ತೆ ದಿನದಿಂದ ದಿನಕ್ಕೆ ಅಧಿಕಾರ ಮಾಡುವುದನ್ನು ಕಲಿತಳು. ನೀರು ಇನ್ನೂ ಬಿಸಿ ಬೇಕು, ಸಾರಿಗೆ ಹುಳಿ ಸಾಲದು, ಕಾಲು ಇನ್ನೂ ಸ್ವಲ್ಪ ಒತ್ತು. ಬೇರೆ ಸೊಸೆಯಾಗಿದ್ದರೆ ತಿರುಗಿ ಅನ್ನುತ್ತಿದ್ದಳು, ನನ್ನ ಬಾಯಿಗೆ ಬೀಗ ಬಿದ್ದಿತ್ತು. ಅವಳು ಒಂದು ಸಲವಾದರೂ ಆ ಮಾತು ಎತ್ತಿದ್ದರೆ, ನಿನ್ನಿಂದಲೇ ಅಂದಿದ್ದರೆ, ನಾನೂ ಕೂಗಾಡಿ ಹಗುರವಾಗುತ್ತಿದ್ದೆ. ಎತ್ತಲಿಲ್ಲ. ಅವಳ ದೊಡ್ಡ ಮನಸ್ಸು ಅದು ಎಂದುಕೊಂಡು ಇನ್ನಷ್ಟು ಕುಗ್ಗಿದೆ.

ಲೈನಿನಲ್ಲಿ ನನ್ನದೇ ಮಾತು. ಮಗಳ ಮದುವೆ ಮಾಡಿ ಕಳಿಸುವ ತಾಯಂದಿರು ಹುಡುಗಿಯರಿಗೆ ನನ್ನನ್ನು ತೋರಿಸುತ್ತಿದ್ದರು. ನಾಲ್ಕನೆಯ ವರ್ಷವೋ ಐದನೆಯದೋ, ನನ್ನ ಹಳೆಯ ಶಾಲೆಯ ಹೆಡ್ಮಾಸ್ತರರು ಹೇಳಿಕಳಿಸಿದರು. ಒಂದು ಜಾಗ ಖಾಲಿಯಾಗಿದೆ, ಅರ್ಜಿ ಹಾಕಿದರೆ ನಾನೇ ಶಿಫಾರಸು ಮಾಡುತ್ತೇನೆ ಎಂದು. ಬಂದವರಿಗೆ ಬಾಗಿಲಲ್ಲೇ ನಿಂತು ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಒಳಗೆ ಬಂದರೆ ಅತ್ತೆ ಸೂರಿನ ಕಡೆ ಮುಖ ಮಾಡಿ ಮಲಗಿದ್ದಳು. ಯಾರು ಬಂದಿದ್ದರು ಎಂದು ಕೇಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹೊಗೆಯ ನೆಪ ಇತ್ತು, ಸುಲಭವಾಯಿತು.

ಏಳನೆಯ ವರ್ಷದ ಅವರೆಕಾಯಿ ಕಾಲ. ಅತ್ತೆ ತೀರ ಬಳಲಿದ್ದಳು, ಹಿಂದಿನ ತೂಕದ ಅರ್ಧ ಇರಲಿಲ್ಲ. ಆದರೂ ಕೈಗಳು ಸುಮ್ಮನಿರುತ್ತಿರಲಿಲ್ಲ. ಮಧ್ಯಾಹ್ನ ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ನೆನೆಸಿದ ಅವರೆಕಾಳಿನ ತಟ್ಟೆಯನ್ನು ಇಬ್ಬರ ನಡುವೆ ಇಟ್ಟುಕೊಂಡು ಹಿದುಕುತ್ತಿದ್ದೆವು. ಗಂಡ ಪಾಳಿಗೆ ಹೋಗಿದ್ದ, ಮಗಳು ಪಕ್ಕದ ಮನೆಯಲ್ಲಿದ್ದಳು. ಇವಳು ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ಹೇಳಿಬಿಟ್ಟೆ. ಆಸ್ಪತ್ರೆಯಲ್ಲಿ ನೀನು ನನ್ನ ಮಾನ ಉಳಿಸಿದೆ, ನಾನು ಬಾಯಿ ಬಿಡಲಿಲ್ಲ. ಮೂರು ಅಂತ ಡಾಕ್ಟರು ನನಗೆ ಹೇಳಿದ್ದರು, ರೈಲಿನ ಅವಸರದಲ್ಲಿ ನಾನೇ ಸಂಗಿಗೊಂದು ಎಂದೆ. ನಿನ್ನನ್ನು ಹೀಗೆ ಕೂರಿಸಿದವಳು ನಾನು. ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ.

ಅವಳು ಕಾಳು ಹಿದುಕುವುದನ್ನು ನಿಲ್ಲಿಸಲಿಲ್ಲ.

"ಮೂರೇ ಅಂತ ನಂಗೆ ಆಗ್ಲೇ ಗೊತ್ತಿತ್ತು ಕಣೇ," ಎಂದಳು. "ಪಕ್ಕದ ಮನೆಯೋಳೂ ಅದೇ ಮಾತ್ರೆ ತಿಂತಿದ್ಲಲ್ಲ. ವಾರದೊಳಗೇ ಏಳಿದ್ಲು, ದಿನಕ್ಕೆ ಮೂರು ಕಣಕ್ಕಾ, ಆರಲ್ಲ ಅಂತ. ಒಂದಿನ ಮೂರೇ ತಿಂದು ನೋಡ್ದೆ. ಮೂರಕ್ಕೆ ನೋವು ಕಮ್ಮಿ ಆಯ್ತು, ಅಷ್ಟೇ. ಆರಕ್ಕೆ ನಡೀತಿದ್ದೆ."

ಹಾಗಾದರೆ ಏಳು ವರ್ಷದಲ್ಲಿ ಒಂದು ದಿನವಾದರೂ ಯಾಕೆ ಹೇಳಲಿಲ್ಲ, ನಾನು ಒಳಗೊಳಗೇ ಸಾಯುತ್ತಿದ್ದದ್ದು ನಿನಗೆ ಕಾಣಲಿಲ್ಲವಾ ಎಂದು ಕೇಳಿದೆ.

ಅವಳು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ನನ್ನನ್ನು ನೋಡಿದಳು. ನಾಚಿಕೆ ಇತ್ತು ಆ ಮುಖದಲ್ಲಿ, ಆದರೆ ಪಶ್ಚಾತ್ತಾಪ ಇರಲಿಲ್ಲ.

"ಕಾಣ್ತಿತ್ತು," ಎಂದಳು. "ಏಳಿದ್ರೆ ನೀನು ಇಸ್ಕೂಲಿಗೆ ಓಗ್ಬಿಡ್ತಿದ್ದೆ. ಆಮೇಕೆ ನನ್ನ ಯಾರು ಎತ್ತೋರು?"

ನಾನು ಎದ್ದು ಹೊರಗೆ ಬಂದೆ. ಬೀದಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಬಾಗಿಲಲ್ಲಿ ನಿಂತು ಬೇಡ ಎಂದ ಕೆಲಸ, ಬೋರ್ಡು, ಮಕ್ಕಳು, ರೈಲು, ಎಲ್ಲ ನೆನಪಾಗಿ ಅವಳ ಮೇಲೆ ಎಂದೂ ಬಾರದಂಥ ಕೋಪ ಬಂತು. ಅದರ ಜೊತೆಯಲ್ಲೇ, ಹೇಳಲು ನಾಚಿಕೆಯಾಗುತ್ತದೆ, ಬೆನ್ನ ಮೇಲಿಂದ ಏನೋ ಇಳಿದಿತ್ತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದೂ ಹೊಳೆಯಿತು. ಅದರಿಂದ ಕೋಪವೇನೂ ಕಡಿಮೆಯಾಗಲಿಲ್ಲ.

ಒಳಗಿನಿಂದ ಅತ್ತೆ ಕರೆದಳು. ಬಚ್ಚಲಿಗೆ ಹೋಗಬೇಕಂತೆ. ಏಳು ವರ್ಷ ಅವಳು ಕರೆದಾಗಲೆಲ್ಲ ನಾನು ಓಡಿ ಹೋಗಿದ್ದೆ. ಅವತ್ತು ನಡೆದುಕೊಂಡು ಹೋದೆ.